ಉಪವಾಸವೂ ಲಂಘನವೂ: ವೈದ್ಯಕೀಯ ಸಂಶೋಧನೆಗಳಿಂದ ವ್ರತಿಗಳು ತಿಳಿಯಬೇಕಾದುದು

ತಪಸ್ಸು ಬಾಹ್ಯವೆಂದೂ ಆಭ್ಯಂತರವೆಂದೂ ಎರಡು ಪ್ರಕಾರವಾಗಿದೆ. ಬಾಹ್ಯ ತಪಸ್ಸಿನ ಆರು ಭೇದಗಳಲ್ಲಿ ಅನಶನವೇ ಮೊದಲನೆಯದು. ಅಷ್ಟಮಿ ಚತುರ್ದಶಿಗಳ ಪ್ರೋಷಧೋಪವಾಸದಿಂದ ಮೊದಲುಗೊಂಡು ದಶಲಕ್ಷಣ ಪರ್ವದ ಹತ್ತು ದಿನಗಳ ಉಪವಾಸದವರೆಗೆ ಈ ತಪಸ್ಸು ಶ್ರಾವಕರ ಮನೆಗಳಲ್ಲಿ ಇಂದಿಗೂ ನಡೆದುಬಂದಿದೆ. ಆದರೆ ಆಹಾರವನ್ನು ಬಿಟ್ಟ ಮಾತ್ರಕ್ಕೆ ಉಪವಾಸವಾಯಿತೆಂದು ಆಚಾರ್ಯರು ಒಪ್ಪುವುದಿಲ್ಲ. ಕಷಾಯ, ವಿಷಯ ಮತ್ತು ಆಹಾರ ಈ ಮೂರರ ತ್ಯಾಗವಿದ್ದಲ್ಲಿ ಉಪವಾಸ. ಆಹಾರವೊಂದರ ತ್ಯಾಗ ಮಾತ್ರವಿದ್ದಲ್ಲಿ ಅದು ಲಂಘನ. ಇಂದ್ರಿಯಗಳು ತಮ್ಮ ತಮ್ಮ ವಿಷಯಗಳಿಂದ ಹಿಂದೆ ಸರಿದು ಆತ್ಮನ ಸಮೀಪದಲ್ಲಿ ನೆಲೆಸುವುದೇ ಉಪವಾಸ ಎಂಬ ಪದದ ಅರ್ಥ.

ಈ ಭೇದವನ್ನು ಮೊದಲು ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳುವುದು ಅವಶ್ಯ. ಏಕೆಂದರೆ ಕಳೆದ ನೂರು ವರ್ಷಗಳಿಂದ ವೈದ್ಯಶಾಸ್ತ್ರದ ಹಲವು ಶಾಖೆಗಳವರು ನಿರಾಹಾರವನ್ನು ಕುರಿತು ಪ್ರಯೋಗಗಳನ್ನು ನಡೆಸಿದ್ದಾರೆ. ಅವರು ತೂಕ ಹಾಕಿ, ರಕ್ತ ಪರೀಕ್ಷಿಸಿ ಕಂಡುಕೊಂಡದ್ದು ಲಂಘನದ ಫಲವನ್ನೇ ಹೊರತು ಉಪವಾಸದ ಫಲವನ್ನಲ್ಲ. ಕರ್ಮನಿರ್ಜರೆಯನ್ನು ಅಳೆಯುವ ಯಂತ್ರ ಯಾವ ಆಸ್ಪತ್ರೆಯಲ್ಲಿಯೂ ಇಲ್ಲ. ಹಾಗೆಂದು ಆ ಸಂಶೋಧನೆಗಳನ್ನು ಕಡೆಗಣಿಸುವುದೂ ವಿವೇಕವಲ್ಲ. ಪ್ರತಿಯೊಂದು ಉಪವಾಸದೊಳಗೂ ಒಂದು ಲಂಘನವಿರುತ್ತದೆ. ಆ ಲಂಘನವು ದೇಹದ ನಿಯಮಗಳಿಗೆ ಒಳಪಟ್ಟೇ ನಡೆಯುತ್ತದೆ. ವ್ರತವನ್ನು ಕೈಗೊಂಡವನ ದೇಹಕ್ಕೆ ಆ ನಿಯಮಗಳಿಂದ ವಿನಾಯಿತಿಯಿಲ್ಲ.

ಆಹಾರವಿಲ್ಲದ ದೇಹದ ನಡೆ

ಉಂಡ ಅನ್ನದ ಒಂದಂಶವು ಸಕ್ಕರೆಯಾಗಿ ರಕ್ತವನ್ನು ಸೇರಿ, ಮಿಕ್ಕದ್ದು ಗ್ಲೈಕೋಜೆನ್ ಎಂಬ ರೂಪದಲ್ಲಿ ಯಕೃತ್ತಿನಲ್ಲಿ ಶೇಖರಗೊಳ್ಳುತ್ತದೆ. ಈ ಶೇಖರ ಸುಮಾರು ೧೦೦ ಗ್ರಾಂ ಮಾತ್ರ. ಮೆದುಳೊಂದಕ್ಕೇ ದಿನವೊಂದಕ್ಕೆ ಸುಮಾರು ೧೨೦ ಗ್ರಾಂ ಸಕ್ಕರೆ ಬೇಕು. ಆದ್ದರಿಂದ ಸುಮಾರು ಒಂದು ದಿನದಲ್ಲಿ ಈ ಕಣಜ ಬರಿದಾಗುತ್ತದೆ. ಆಮೇಲೆ ದೇಹವು ಸ್ನಾಯುಗಳ ಸಸಾರಜನಕವನ್ನು ಒಡೆದು ಸಕ್ಕರೆಯನ್ನು ಉತ್ಪಾದಿಸುತ್ತದೆ. ಜೊತೆಗೆ ಕೊಬ್ಬನ್ನು ಕರಗಿಸತೊಡಗುತ್ತದೆ. ಸ್ನಾಯುಗಳೇ ಹೀಗೆ ವ್ಯಯವಾಗುತ್ತ ಹೋದರೆ ಮನುಷ್ಯನು ಬಹುದಿನ ಬದುಕಲಾರನಷ್ಟೆ. ಹಾಗಿದ್ದೂ ಅವನು ವಾರಗಟ್ಟಲೆ ನಿರಾಹಾರನಾಗಿ ಉಳಿಯುವುದು ಹೇಗೆಂಬುದು ಬಹುಕಾಲ ಒಗಟಾಗಿತ್ತು.

ಈ ಒಗಟನ್ನು ಬಿಡಿಸಿದವರು ಅಮೆರಿಕದ ಬಾಸ್ಟನ್ ನಗರದ ವೈದ್ಯರಾದ ಜಾರ್ಜ್ ಕೇಹಿಲ್, ಆಲಿವರ್ ಓವೆನ್ ಮತ್ತು ಅವರ ಸಹೋದ್ಯೋಗಿಗಳು. ಸ್ಥೂಲಕಾಯದ ಕೆಲವು ರೋಗಿಗಳು ಐದಾರು ವಾರ ನಿರಾಹಾರರಾಗಿದ್ದಾಗ, ಮೆದುಳಿಗೆ ಹೋಗುವ ಮತ್ತು ಮೆದುಳಿನಿಂದ ಮರಳುವ ರಕ್ತವನ್ನು ಅವರು ಪರೀಕ್ಷಿಸಿದರು. ಕೊಬ್ಬಿನಿಂದ ಯಕೃತ್ತು ತಯಾರಿಸುವ ಕೀಟೋನ್ ಎಂಬ ವಸ್ತುವೇ ಆಗ ಮೆದುಳಿನ ಮುಖ್ಯ ಇಂಧನವಾಗಿರುತ್ತದೆಂದು ೧೯೬೭ರಲ್ಲಿ ಪ್ರಕಟಿಸಿದರು. ಮೆದುಳು ಸಕ್ಕರೆಯ ಬೇಡಿಕೆಯನ್ನು ಹೀಗೆ ತಗ್ಗಿಸುವುದರಿಂದ ಸ್ನಾಯುಗಳ ವ್ಯಯವೂ ತಗ್ಗುತ್ತದೆ.

ಸಪ್ತಮಿಯ ಮಧ್ಯಾಹ್ನದ ಏಕಭುಕ್ತದಿಂದ ನವಮಿಯ ಮಧ್ಯಾಹ್ನದ ಪಾರಣೆಯವರೆಗೆ ನಡೆಯುವ ಉತ್ತಮ ಪ್ರೋಷಧೋಪವಾಸಕ್ಕೆ ಹದಿನಾರು ಪ್ರಹರ, ಎಂದರೆ ೪೮ ಗಂಟೆ. ಆರೋಗ್ಯವಂತನಾದ ವಯಸ್ಕನ ದೇಹವು ಸಾಮಾನ್ಯವಾಗಿ ಇದನ್ನು ತಾಳಿಕೊಳ್ಳಬಲ್ಲುದೆಂಬುದು ಈ ವಿವರಣೆಯಿಂದ ಸ್ಪಷ್ಟವಾಗುತ್ತದೆ. ಆದರೆ ನೀರಿಗೆ ಇಂತಹ ಕಣಜವಿಲ್ಲ. ನಿರ್ಜಲವಾಗಿ ಉಪವಾಸ ಮಾಡುವವರು ಬಿಸಿಲನ್ನೂ ಶ್ರಮವನ್ನೂ ವರ್ಜಿಸಬೇಕು. ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆ ಇರುವವರು, ಮೂತ್ರವನ್ನು ಹೆಚ್ಚಿಸುವ ಗುಳಿಗೆಗಳನ್ನು ಸೇವಿಸುವವರು, ಬಾಯಾರಿಕೆಯ ಅರಿವೇ ಕಡಿಮೆಯಾಗಿರುವ ವೃದ್ಧರು ನಿರ್ಜಲ ಉಪವಾಸಕ್ಕೆ ಮುನ್ನ ವೈದ್ಯರನ್ನು ಕೇಳುವುದು ಲೇಸು.

ಉಪವಾಸದ ದಿನ ಮಧ್ಯಾಹ್ನಕ್ಕೆ ತಲೆಶೂಲೆ ಬರುವುದು ಅನೇಕರ ಅನುಭವ. ಅದನ್ನು ಹಸಿವಿನ ಲಕ್ಷಣವೆಂದೇ ಜನರು ಭಾವಿಸುತ್ತಾರೆ. ನಿತ್ಯವೂ ಕಾಫಿ ಕುಡಿಯುವವರು ಅದನ್ನು ಥಟ್ಟನೆ ನಿಲ್ಲಿಸಿದರೆ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಗಳೊಳಗೆ ತಲೆಶೂಲೆ ಪ್ರಾರಂಭವಾಗುತ್ತದೆಂದು ವೈದ್ಯರು ಕಂಡುಕೊಂಡಿದ್ದಾರೆ. ಪರ್ವಕ್ಕೆ ಒಂದು ವಾರ ಮೊದಲಿನಿಂದಲೇ ಕಾಫಿಯನ್ನು ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡುತ್ತ ಬಂದರೆ ಈ ಬಾಧೆ ಬಹುಮಟ್ಟಿಗೆ ತಪ್ಪುತ್ತದೆ. ವಿಷಯತ್ಯಾಗವು ಆಹಾರತ್ಯಾಗಕ್ಕೆ ಮೊದಲೇ ನಡೆಯಬೇಕೆಂಬುದಕ್ಕೆ ಇದೊಂದು ಸಣ್ಣ ನಿದರ್ಶನ.

ಮೂರ್ಛೆರೋಗದ ಚಿಕಿತ್ಸೆ

ನಿರಾಹಾರದಿಂದ ಒಂದು ಚಿಕಿತ್ಸೆಯೇ ಹುಟ್ಟಿದ ಪ್ರಸಂಗ ನರವೈದ್ಯದಲ್ಲಿದೆ. ಮೂರ್ಛೆರೋಗಿಗಳು ಉಪವಾಸವಿದ್ದಾಗ ಅವರ ಸೆಳವುಗಳು ಕಡಿಮೆಯಾಗುವುದನ್ನು ಅಮೆರಿಕದ ವೈದ್ಯರು ೧೯೨೦ರ ಸುಮಾರಿನಲ್ಲಿ ಗಮನಿಸಿದರು. ಆದರೆ ಬೆಳೆಯುವ ಮಗುವನ್ನು ಸದಾ ಉಪವಾಸವಿರಿಸಲಾಗದು. ಬಹುಪಾಲು ಕೊಬ್ಬಿನಿಂದಲೇ ಕೂಡಿದ ಆಹಾರವನ್ನು ಕೊಟ್ಟರೆ ಉಪವಾಸದ ಕಾಲದ ಕೀಟೋನ್ ಸ್ಥಿತಿಯನ್ನೇ ದೇಹದಲ್ಲಿ ಉಂಟುಮಾಡಬಹುದೆಂದು ಮೇಯೊ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ೧೯೨೧ರಲ್ಲಿ ಸೂಚಿಸಿದರು. ಇದರ ಕ್ರಮಬದ್ಧ ಪರೀಕ್ಷೆ ಲಂಡನ್ನಿನಲ್ಲಿ ೧೪೫ ಮಕ್ಕಳ ಮೇಲೆ ನಡೆದು ೨೦೦೮ರಲ್ಲಿ ಪ್ರಕಟವಾಯಿತು. ಈ ಪಥ್ಯದಲ್ಲಿದ್ದ ಮಕ್ಕಳಲ್ಲಿ ನೂರಕ್ಕೆ ೩೮ ಮಂದಿಗೆ ಮೂರು ತಿಂಗಳಲ್ಲಿ ಸೆಳವುಗಳು ಅರ್ಧಕ್ಕಿಂತಲೂ ಕಡಿಮೆಯಾದವು. ಪಥ್ಯವಿಲ್ಲದವರಲ್ಲಿ ನೂರಕ್ಕೆ ೬ ಮಂದಿಗೆ ಮಾತ್ರ.

ಇದನ್ನು ಓದಿ ಮೂರ್ಛೆರೋಗಿಗಳೆಲ್ಲರೂ ಉಪವಾಸ ಮಾಡಬಹುದೆಂದು ತಿಳಿಯುವುದು ಅನರ್ಥಕಾರಿ. ಮೇಲಿನ ಪಥ್ಯವು ವೈದ್ಯರ ಕಣ್ಗಾವಲಿನಲ್ಲಿ ನಡೆಯುವಂಥದು. ಉಪವಾಸದ ನೆಪದಲ್ಲಿ ಮೂರ್ಛೆರೋಗದ ಗುಳಿಗೆಯನ್ನು ಒಂದು ಹೊತ್ತು ಬಿಟ್ಟರೂ ಸೆಳವು ಮರುಕಳಿಸುವ ಭಯವುಂಟು.

ಅರೆಹೊಟ್ಟೆ ಮತ್ತು ಮನಸ್ಸು

ಹಸಿವು ಮನಸ್ಸನ್ನು ಏನು ಮಾಡುತ್ತದೆಂಬುದನ್ನು ತಿಳಿಸುವ ಪ್ರಸಿದ್ಧ ಪ್ರಯೋಗ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ೧೯೪೪-೪೫ರಲ್ಲಿ ನಡೆಯಿತು. ಅದನ್ನು ನಡೆಸಿದವರು ಆನ್ಸೆಲ್ ಕೀಸ್. ಅದಕ್ಕೆ ಒಪ್ಪಿ ಮುಂದೆ ಬಂದ ೩೬ ಯುವಕರು ಯುದ್ಧದಲ್ಲಿ ಆಯುಧ ಹಿಡಿಯಲು ಅಂತಃಸಾಕ್ಷಿ ಒಪ್ಪದೆ ಸೈನ್ಯವನ್ನು ನಿರಾಕರಿಸಿದವರು ಎಂಬುದನ್ನು ಅಹಿಂಸಾಧರ್ಮಿಗಳು ಆದರದಿಂದ ನೆನೆಯಬಹುದು. ಯುದ್ಧದಿಂದ ಹಸಿದವರಿಗೆ ಆಹಾರವನ್ನು ಮರಳಿ ಕೊಡುವ ಬಗೆಯನ್ನು ತಿಳಿಯಲು ಅವರು ತಮ್ಮ ದೇಹಗಳನ್ನು ಒಪ್ಪಿಸಿದರು.

೨೪ ವಾರಗಳ ಕಾಲ ಅವರಿಗೆ ಅವಶ್ಯಕತೆಯ ಅರ್ಧದಷ್ಟು ಆಹಾರ ಕೊಡಲಾಯಿತು. ಅವರ ದೇಹದ ತೂಕದಲ್ಲಿ ಕಾಲುಭಾಗ ಇಳಿಯಿತು. ಇದಕ್ಕಿಂತ ಗಮನಾರ್ಹವಾದುದು ಅವರ ಮನಸ್ಸಿನ ಪರಿವರ್ತನೆ. ಅವರು ಖಿನ್ನರಾದರು, ಸಿಡುಕತೊಡಗಿದರು. ಹಗಲೂ ಇರುಳೂ ಊಟದ ಚಿಂತೆಯೇ ಅವರನ್ನು ಆವರಿಸಿತು. ಕೆಲವರು ಅಡುಗೆಯ ಪುಸ್ತಕಗಳನ್ನು ಸಂಗ್ರಹಿಸಿ ಓದತೊಡಗಿದರು. ಆ ಯುವಕರ ಸಜ್ಜನಿಕೆಯಲ್ಲಿ ಕೊರತೆಯಿರಲಿಲ್ಲ. ದೇಹದ ಶಕ್ತಿಯು ಮಿತಿಮೀರಿ ಕುಂದಿದಾಗ ಮನಸ್ಸೂ ಅದರ ಹಿಂದೆಯೇ ಜಾರಿತು.

ಶಾಸ್ತ್ರವನ್ನು ಬಲ್ಲವರಿಗೆ ಇದರ ಹೆಸರು ಗೊತ್ತಿದೆ. ಇಷ್ಟವಿಯೋಗ, ಅನಿಷ್ಟಸಂಯೋಗ, ಪೀಡಾಚಿಂತನ, ನಿದಾನ ಎಂದು ಆರ್ತಧ್ಯಾನ ನಾಲ್ಕು ವಿಧ. ಹೊಟ್ಟೆಯ ಸಂಕಟವನ್ನೇ ನೆನೆಯುತ್ತ ನಾಳೆಯ ಪಾರಣೆಯ ಗಳಿಗೆಗಳನ್ನು ಎಣಿಸುವ ಉಪವಾಸಿಯು ಪೀಡಾಚಿಂತನದಲ್ಲಿ ಬಿದ್ದಿದ್ದಾನೆ. ಅವನಲ್ಲಿ ಆಹಾರತ್ಯಾಗವಿದೆ, ವಿಷಯತ್ಯಾಗವಿಲ್ಲ. ಶಕ್ತಿಯನ್ನು ಮೀರಿ ಕೈಗೊಂಡ ಅನಶನವು ನಿರ್ಜರೆಗೆ ಬದಲಾಗಿ ಬಂಧಕ್ಕೆ ಕಾರಣವಾಗಬಹುದೆಂಬ ಆಚಾರ್ಯರ ಎಚ್ಚರಿಕೆಯ ಸ್ವಾರಸ್ಯ ಇಲ್ಲಿ ತಿಳಿಯುತ್ತದೆ.

ದೀರ್ಘ ನಿರಾಹಾರ ಮತ್ತು ಪಾರಣೆಯ ಅಪಾಯ

ವೈದ್ಯಕೀಯ ದಾಖಲೆಗಳಲ್ಲಿ ಬಹು ಪ್ರಸಿದ್ಧವಾದ ದೀರ್ಘ ನಿರಾಹಾರವು ಸ್ಕಾಟ್ಲೆಂಡಿನ ೨೭ ವರ್ಷದ ಯುವಕನೊಬ್ಬನದು. ೧೯೬೫-೬೬ರಲ್ಲಿ ಆತನು ೩೮೨ ದಿನ ಘನಾಹಾರವಿಲ್ಲದೆ ಇದ್ದನು. ಆತನ ತೂಕ ಸುಮಾರು ೨೦೭ ಕಿಲೋಗ್ರಾಮಿನಿಂದ ಸುಮಾರು ೮೨ ಕಿಲೋಗ್ರಾಮಿಗೆ ಇಳಿಯಿತು. ೧೯೭೩ರಲ್ಲಿ ವೈದ್ಯರು ಈ ವೃತ್ತಾಂತವನ್ನು ಪ್ರಕಟಿಸಿದರು. ಈ ಸಂಖ್ಯೆಯನ್ನು ಕೇಳಿ ಬೆರಗಾಗುವವರು ಅದರ ಹಿನ್ನೆಲೆಯನ್ನೂ ಕೇಳಬೇಕು. ಆತನ ದೇಹದಲ್ಲಿ ಕೊಬ್ಬಿನ ಅಪಾರ ಸಂಗ್ರಹವಿತ್ತು. ಆತನು ನೀರನ್ನೂ ವಿಟಮಿನ್‌ಗಳನ್ನೂ, ಕೆಲವು ಕಾಲ ಪೊಟ್ಯಾಸಿಯಂ ಲವಣವನ್ನೂ ಸೇವಿಸುತ್ತಿದ್ದನು. ಆತನ ರಕ್ತವನ್ನು ಮತ್ತೆ ಮತ್ತೆ ಪರೀಕ್ಷಿಸಲಾಗುತ್ತಿತ್ತು. ಅದೇ ಕಾಲದಲ್ಲಿ ಸ್ಥೂಲಕಾಯಕ್ಕೆಂದು ದೀರ್ಘ ನಿರಾಹಾರದ ಚಿಕಿತ್ಸೆಗೆ ಒಳಗಾದ ಬೇರೆ ಕೆಲವರು ತೀರಿಕೊಂಡರು. ೧೯೬೯ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿಯಾದ ತರುಣಿಯೊಬ್ಬಳ ಮರಣ ವಿಶೇಷವಾಗಿ ವಿಚಾರಾರ್ಹ. ಅವಳ ಹೃದಯದ ಸ್ನಾಯುತಂತುಗಳು ತುಂಡರಿಸಿದ್ದವು. ಮರಣ ಸಂಭವಿಸಿದ್ದು ಆಹಾರವನ್ನು ಮತ್ತೆ ಪ್ರಾರಂಭಿಸಿದ ಮೇಲೆ.

ನಿರಾಹಾರವನ್ನು ತಾಳಿಕೊಂಡ ದೇಹ ಆಹಾರ ದೊರೆತ ಮೇಲೆ ಏಕೆ ಕುಸಿಯಬೇಕು? ದ್ವಿತೀಯ ಮಹಾಯುದ್ಧದ ಕಾಲದಲ್ಲಿ ಹಸಿದು ಬಳಲಿದ್ದ ಜಪಾನೀ ಯುದ್ಧಕೈದಿಗಳಿಗೆ ಆಹಾರ ಕೊಡತೊಡಗಿದ ಬಳಿಕ ಕೆಲವರು ಮೃತರಾದುದನ್ನು ೧೯೫೧ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸುತ್ತದೆ. ಅದರ ಕಾರಣವನ್ನು ವೈದ್ಯರು ಕ್ರಮೇಣ ಅರಿತರು. ದೀರ್ಘ ನಿರಾಹಾರದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಎಂಬ ಲವಣಗಳ ಸಂಗ್ರಹ ಬರಿದಾಗಿರುತ್ತದೆ. ರಕ್ತದಲ್ಲಿ ಮಾತ್ರ ಅವು ಸರಿಯಾಗಿರುವಂತೆ ತೋರುತ್ತವೆ. ಅನ್ನ, ಬೆಲ್ಲ, ಸಕ್ಕರೆಗಳು ಒಮ್ಮೆಲೇ ಒಳಗೆ ಹೋದಾಗ ಇನ್ಸುಲಿನ್ ಏರಿ ಈ ಲವಣಗಳನ್ನು ರಕ್ತದಿಂದ ಜೀವಕೋಶಗಳೊಳಕ್ಕೆ ಎಳೆಯುತ್ತದೆ. ರಕ್ತದಲ್ಲಿ ಅವು ಹಠಾತ್ತಾಗಿ ಕುಸಿದು ಹೃದಯದ ಬಡಿತ ತಪ್ಪುತ್ತದೆ, ಉಸಿರಾಟದ ಸ್ನಾಯುಗಳು ಸೋಲುತ್ತವೆ. ಥಯಾಮಿನ್ ಎಂಬ ವಿಟಮಿನ್ನಿನ ಕೊರತೆಯಿಂದ ಮೆದುಳಿಗೂ ಹಾನಿ ತಟ್ಟಬಹುದು.

ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಮಾರ್ಗದರ್ಶಿ ಸಂಸ್ಥೆ ೨೦೦೬ರಲ್ಲಿ ವೈದ್ಯರಿಗೆ ಕೊಟ್ಟ ಸೂಚನೆ ಹೀಗಿದೆ: ಐದು ದಿನಗಳಿಗಿಂತ ಹೆಚ್ಚು ಕಾಲ ಆಹಾರವಿಲ್ಲದೆ ಅಥವಾ ಅತ್ಯಲ್ಪ ಆಹಾರದಲ್ಲಿ ಇದ್ದವರಿಗೆ ಮೊದಲ ಎರಡು ದಿನ ಅವಶ್ಯಕತೆಯ ಅರ್ಧಕ್ಕಿಂತ ಹೆಚ್ಚು ಕೊಡಬಾರದು, ಹತ್ತು ದಿನಗಳನ್ನು ಮೀರಿದವರನ್ನು ಅಧಿಕ ಅಪಾಯದವರೆಂದು ಎಣಿಸಿ, ಇನ್ನೂ ಅಲ್ಪ ಪ್ರಮಾಣದಿಂದ ಪ್ರಾರಂಭಿಸಬೇಕು.

ಅಷ್ಟಮಿ ಚತುರ್ದಶಿಗಳ ಒಂದು ದಿನದ ಉಪವಾಸ ಮಾಡುವ ಆರೋಗ್ಯವಂತರಿಗೆ ಈ ಭಯ ಬೇಕಿಲ್ಲ. ಆದರೆ ದಶಲಕ್ಷಣದ ಹತ್ತು ಉಪವಾಸಗಳನ್ನೋ ಇನ್ನೂ ದೀರ್ಘವಾದುದನ್ನೋ ಕೈಗೊಳ್ಳುವವರ ಮನೆಯವರಿಗೆ ಇದು ಅತ್ಯವಶ್ಯವಾದ ತಿಳಿವಳಿಕೆ. ಪಾರಣೆಯ ದಿನ ಬಂಧುಗಳು ನೆರೆದು, ಪ್ರೀತಿಯಿಂದ ಹೋಳಿಗೆ, ಲಡ್ಡು, ಪಾಯಸಗಳನ್ನು ಬಡಿಸುತ್ತಾರೆ; ಬೇಡವೆಂದರೂ ಬಾಯಿಗಿಡುತ್ತಾರೆ. ಉಪವಾಸದ ಹತ್ತು ದಿನ ಬಾರದ ವಿಪತ್ತು ಆ ಒಂದು ಹೊತ್ತಿನಲ್ಲಿ ಬರಬಹುದು. ದೀರ್ಘ ಉಪವಾಸದ ಪಾರಣೆ ತೆಳುವಾದ ಹೆಸರುಬೇಳೆಯ ಕಟ್ಟು, ಸ್ವಲ್ಪ ಹಾಲು, ಸ್ವಲ್ಪ ಗಂಜಿ ಇಷ್ಟಕ್ಕೇ ನಿಂತು, ಹಲವು ದಿನಗಳಲ್ಲಿ ಕ್ರಮವಾಗಿ ಏರಬೇಕು. ಹಾಲಿನಲ್ಲಿಯೂ ಬೇಳೆಯಲ್ಲಿಯೂ ಫಾಸ್ಫೇಟ್ ಇದೆ. ಪಾರಣೆಯ ದಿನವೂ ಏಕಭುಕ್ತವೇ ವಿಹಿತವೆಂಬ ನಿಯಮವನ್ನು ಮರೆಯದವರಿಗೆ ಈ ಸಂಯಮ ಕಷ್ಟವಾಗಲಾರದು.

ಮಧುಮೇಹಿಗಳು ಮತ್ತು ಗರ್ಭಿಣಿಯರು

ಧಾರ್ಮಿಕ ಉಪವಾಸ ಮಾಡುವ ಮಧುಮೇಹಿಗಳ ಬಗೆಗೆ ನಡೆದ ವಿಸ್ತಾರವಾದ ಅಧ್ಯಯನಗಳಲ್ಲೊಂದು ಮುಸಲ್ಮಾನರ ರಂಜಾನ್ ಉಪವಾಸವನ್ನು ಕುರಿತದ್ದು. ೧೩ ದೇಶಗಳ ೧೨ ಸಾವಿರಕ್ಕೂ ಹೆಚ್ಚು ಮಂದಿಯನ್ನು ವಿಚಾರಿಸಿದ ಆ ಅಧ್ಯಯನ ೨೦೦೪ರಲ್ಲಿ ಪ್ರಕಟವಾಯಿತು. ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯುವ ಪ್ರಸಂಗಗಳು ಉಪವಾಸದ ತಿಂಗಳಲ್ಲಿ, ಮೊದಲನೆಯ ಬಗೆಯ ಮಧುಮೇಹಿಗಳಲ್ಲಿ ೪.೭ ಪಟ್ಟೂ ಎರಡನೆಯ ಬಗೆಯವರಲ್ಲಿ ೭.೫ ಪಟ್ಟೂ ಹೆಚ್ಚಿದ್ದವು. ಪ್ರತಿ ಸಂಜೆ ಆಹಾರ ಸ್ವೀಕರಿಸುವ ಉಪವಾಸದಲ್ಲೇ ಹೀಗಾದರೆ, ೪೮ ಗಂಟೆಗಳ ಚತುರ್ವಿಧಾಹಾರ ತ್ಯಾಗದ ವಿಷಯ ಊಹಿಸಬಹುದು. ಇನ್ಸುಲಿನ್ ಚುಚ್ಚುಮದ್ದನ್ನೂ, ಇನ್ಸುಲಿನ್ ಸ್ರವಿಸುವಂತೆ ಮಾಡುವ ಗುಳಿಗೆಗಳನ್ನೂ ಎಂದಿನಂತೆ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಕುಸಿಯುತ್ತದೆ. ಊಟದೊಡನೆ ಔಷಧವನ್ನೂ ತಾವಾಗಿ ಬಿಟ್ಟರೆ ಸಕ್ಕರೆ ಏರಿ ಬೇರೆ ವಿಪತ್ತು ಬರುತ್ತದೆ.

ಇನ್ನೊಂದು ಎಚ್ಚರಿಕೆ ಹೊಸದು. ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮುಂತಾದ ಗುಳಿಗೆಗಳು ಈಗ ನಮ್ಮ ದೇಶದಲ್ಲಿಯೂ ಸಾಮಾನ್ಯವಾಗಿವೆ. ಇವನ್ನು ಸೇವಿಸುವವರ ರಕ್ತದಲ್ಲಿ ಕೀಟೋನ್ ಮಿತಿಮೀರಿ ಆಮ್ಲತೆಯುಂಟಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ೨೦೧೫ರಲ್ಲಿ ಎಚ್ಚರಿಸಿತು. ಯೋಜಿತ ಶಸ್ತ್ರಚಿಕಿತ್ಸೆಗೆ ಕನಿಷ್ಠ ಮೂರು ದಿನ ಮೊದಲೇ ಇಂತಹ ಗುಳಿಗೆಗಳನ್ನು ನಿಲ್ಲಿಸಬೇಕೆಂದು ೨೦೨೦ರಲ್ಲಿ ಸೂಚಿಸಿತು. ನಿರಾಹಾರವು ಈ ಅಪಾಯವನ್ನು ಹೆಚ್ಚಿಸುತ್ತದೆ. ಇದರಲ್ಲಿ ಮೋಸಹೋಗುವ ಸಂಗತಿಯೆಂದರೆ, ರಕ್ತದ ಸಕ್ಕರೆ ಹೆಚ್ಚಾಗಿಲ್ಲದಿರುವಾಗಲೂ ಈ ವಿಪತ್ತು ಬರಬಹುದು. ವಾಂತಿ, ಹೊಟ್ಟೆನೋವು, ಏದುಸಿರು, ಅತಿಯಾದ ನಿತ್ರಾಣ ಕಂಡರೆ ಅದನ್ನು ಉಪವಾಸದ ಆಯಾಸವೆಂದು ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಗರ್ಭಿಣಿಯರ ವಿಷಯದಲ್ಲಿ ೧೯೮೨ರ ಅಧ್ಯಯನವೊಂದು ಗಮನಾರ್ಹ. ಗರ್ಭದ ಕೊನೆಯ ತಿಂಗಳುಗಳಲ್ಲಿರುವವರು ರಾತ್ರಿಯ ಊಟದ ಬಳಿಕ ಮರುದಿನ ಬೆಳಗಿನ ಉಪಾಹಾರವನ್ನೂ ಬಿಟ್ಟರೆ, ಇತರ ಸ್ತ್ರೀಯರಿಗಿಂತ ಅವರಲ್ಲಿ ಸಕ್ಕರೆ ಬೇಗ ಇಳಿದು ಕೀಟೋನ್ ಬೇಗ ಏರುತ್ತದೆಂದು ಅದರಲ್ಲಿ ಕಂಡುಬಂದಿತು. ಇತರರಿಗೆ ಎರಡು ದಿನಗಳಲ್ಲಿ ಆಗುವ ಬದಲಾವಣೆ ಅವರಲ್ಲಿ ತ್ವರೆಯಾಗಿ ಆಗುತ್ತದೆ. ಒಡಲಲ್ಲಿ ಇನ್ನೊಂದು ಜೀವವನ್ನು ಹೊತ್ತವಳಿಗೆ ಆ ಜೀವದ ರಕ್ಷಣೆಯೇ ಆ ಕಾಲದ ಮುಖ್ಯ ವ್ರತ.

ವ್ರತಕ್ಕೆ ವಿಜ್ಞಾನದ ಪ್ರಮಾಣಪತ್ರ ಬೇಕೆ?

ಜಪಾನಿನ ಯೋಶಿನೋರಿ ಓಸುಮಿ ಅವರಿಗೆ ೨೦೧೬ರಲ್ಲಿ ನೊಬೆಲ್ ಬಹುಮಾನ ಬಂದ ಮೇಲೆ, ಉಪವಾಸಕ್ಕೇ ನೊಬೆಲ್ ಬಹುಮಾನ ಸಂದಿತೆಂಬ ಮಾತು ಎಲ್ಲೆಡೆ ಹರಡಿದೆ. ಇದು ಸತ್ಯವಲ್ಲ. ಜೀವಕೋಶವು ತನ್ನೊಳಗಿನ ಜೀರ್ಣಭಾಗಗಳನ್ನು ತಾನೇ ಅರಗಿಸಿ ಮರಳಿ ಬಳಸಿಕೊಳ್ಳುವ ಬಗೆಯನ್ನು ಅವರು ಯೀಸ್ಟ್ ಎಂಬ ಸೂಕ್ಷ್ಮ ಜೀವಿಯಲ್ಲಿ ಶೋಧಿಸಿದರು. ಆಹಾರಾಂಶ ದೊರೆಯದಾಗ ಈ ಕ್ರಿಯೆ ಹೆಚ್ಚುವುದು ನಿಜ. ಆದರೆ ಮನುಷ್ಯನು ಎಷ್ಟು ದಿನ ಉಪವಾಸ ಮಾಡಬೇಕೆಂಬುದನ್ನಾಗಲಿ, ಅದರಿಂದ ಯಾವ ರೋಗ ಗುಣವಾಗುತ್ತದೆಂಬುದನ್ನಾಗಲಿ ಆ ಬಹುಮಾನ ಹೇಳಲಿಲ್ಲ.

ರಾತ್ರಿಭೋಜನ ತ್ಯಾಗದ ಬಗೆಗೂ ಇಂತಹದೇ ಮಾತು ಕೇಳಿಬರುತ್ತದೆ. ಚೀನಾದ ಗ್ವಾಂಗ್‌ಝೌ ನಗರದಲ್ಲಿ ಸ್ಥೂಲಕಾಯದ ೧೩೯ ಮಂದಿಗೆ ಒಂದು ವರ್ಷ ಮಿತಾಹಾರ ಕೊಡಲಾಯಿತು. ಅವರಲ್ಲಿ ಒಂದು ಪಂಗಡದವರು ಬೆಳಗಿನ ೮ರಿಂದ ಸಂಜೆ ೪ರೊಳಗೆ ಮಾತ್ರ ಊಟ ಮಾಡಬೇಕಿತ್ತು. ೨೦೨೨ರಲ್ಲಿ ಪ್ರಕಟವಾದ ಫಲಿತಾಂಶದಂತೆ ಈ ಪಂಗಡದವರ ತೂಕ ಸರಾಸರಿ ೮.೦ ಕಿಲೋಗ್ರಾಂ, ಉಳಿದವರದು ೬.೩ ಕಿಲೋಗ್ರಾಂ ಇಳಿಯಿತು. ಈ ಅಂತರವನ್ನು ನಿಶ್ಚಿತವೆಂದು ಎಣಿಸಲಾಗದೆಂಬುದೇ ತೀರ್ಮಾನ. ೨೦೧೮ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಪರೀಕ್ಷೆಯಲ್ಲಿ, ಮಧ್ಯಾಹ್ನ ೩ರೊಳಗೆ ದಿನದ ಕೊನೆಯ ಊಟ ಮುಗಿಸಿದ ಪುರುಷರ ರಕ್ತದೊತ್ತಡ ತಗ್ಗಿ ಇನ್ಸುಲಿನ್ನಿನ ಕೆಲಸ ಸುಧಾರಿಸಿತು. ಆದರೆ ಪರೀಕ್ಷೆಗೊಳಗಾದವರು ಎಂಟೇ ಮಂದಿ.

ನಾಳೆ ಮತ್ತೊಂದು ಪರೀಕ್ಷೆ ಮತ್ತೊಂದನ್ನು ಹೇಳಬಹುದು. ರಾತ್ರಿಭೋಜನ ತ್ಯಾಗದ ಆಧಾರ ಜೀವದಯೆ. ಅದು ತೂಕದ ತಕ್ಕಡಿಯೊಡನೆ ಏರಿಳಿಯುವಂಥದಲ್ಲ. ಅಲ್ಲದೆ ಮೈ ಇಳಿಯಲೆಂದೋ ರೋಗ ಹೋಗಲೆಂದೋ ಬಯಸಿ ಮಾಡಿದ ವ್ರತಕ್ಕೆ ನಿದಾನದ ಸೋಂಕು ತಗಲುತ್ತದೆ. ವ್ರತಿಯು ಮಾಯಾ, ಮಿಥ್ಯಾ, ನಿದಾನ ಎಂಬ ಮೂರು ಶಲ್ಯಗಳಿಲ್ಲದವನಾಗಿರಬೇಕು. ಆರೋಗ್ಯ ತಾನಾಗಿ ಬಂದರೆ ಬರಲಿ. ಅದೇ ಗುರಿಯಾದರೆ ಉಪವಾಸವು ಲಂಘನಕ್ಕೆ ಇಳಿಯುತ್ತದೆ.

ಶಕ್ತಿತಸ್ತಪ

ತೀರ್ಥಂಕರ ಪ್ರಕೃತಿಯ ಬಂಧಕ್ಕೆ ಕಾರಣವಾದ ಷೋಡಶಕಾರಣ ಭಾವನೆಗಳಲ್ಲಿ ಶಕ್ತಿತಸ್ತಪವೂ ಒಂದು. ಶಕ್ತಿಯನ್ನು ಬಚ್ಚಿಡದೆ, ಶಕ್ತಿಯನ್ನು ಮೀರದೆ ತಪಸ್ಸನ್ನು ಆಚರಿಸುವುದು ಇದರ ತಾತ್ಪರ್ಯ. ಇರುವ ಶಕ್ತಿಯನ್ನು ಅರಿಯದೆ ಈ ಭಾವನೆಯನ್ನು ಪಾಲಿಸುವುದು ಹೇಗೆ? ವೈದ್ಯರ ಪರೀಕ್ಷೆ ಈ ಅರಿವಿಗೆ ಒಂದು ಸಾಧನ.

ಅನೇಕ ಮನೆಗಳಲ್ಲಿ ವೃದ್ಧೆಯಾದ ತಾಯಿಯೋ ಅಜ್ಜಿಯೋ, ಸಕ್ಕರೆ ಕಾಯಿಲೆಯಿರುವುದನ್ನು ಹೇಳಿದರೆ ಮುನಿಗಳು ವ್ರತ ಕೊಡಲಾರರೆಂದು ಮುಚ್ಚಿಡುತ್ತಾರೆ. ಉಪವಾಸವೆಂದರೆ ವೈದ್ಯರು ಬೇಡವೆನ್ನುತ್ತಾರೆಂದು ಅವರಿಂದಲೂ ಮುಚ್ಚಿಡುತ್ತಾರೆ. ಅವರ ಭಕ್ತಿ ನಿರ್ಮಲವಾದುದೇ. ಆದರೆ ಈ ಮುಚ್ಚುವಿಕೆಯಲ್ಲಿ ಮಾಯಾಶಲ್ಯವಿದೆಯೆಂದು ಮಕ್ಕಳು ಮೃದುವಾಗಿ ತಿಳಿಸಬೇಕು. ವ್ರತ ಸ್ವೀಕರಿಸುವ ಮುನ್ನ ಗುರುಗಳಿಗೆ ರೋಗವನ್ನೂ ವೈದ್ಯರಿಗೆ ವ್ರತವನ್ನೂ ಹೇಳುವುದು, ಸೇವಿಸುವ ಔಷಧಗಳ ಪಟ್ಟಿಯನ್ನು ತೋರಿಸಿ ಯಾವುದನ್ನು ಯಾವಾಗ ಬದಲಿಸಬೇಕೆಂದು ಕೇಳುವುದು, ಪಾರಣೆಯ ಆಹಾರವನ್ನು ಮೊದಲೇ ನಿಶ್ಚಯಿಸುವುದು, ಇವು ಮೂರೂ ವ್ರತದ ಸಿದ್ಧತೆಯ ಅಂಗಗಳೇ.

ಅನಶನ ಸಾಧ್ಯವಿಲ್ಲದವರಿಗೆ ತಪಸ್ಸಿನ ಬಾಗಿಲು ಮುಚ್ಚಿಲ್ಲ. ಹೊಟ್ಟೆ ತುಂಬುವುದಕ್ಕಿಂತ ಕಡಿಮೆ ಉಣ್ಣುವ ಅವಮೌದರ್ಯ, ತುಪ್ಪ, ಉಪ್ಪು, ಸಿಹಿ ಮೊದಲಾದವುಗಳಲ್ಲಿ ಒಂದನ್ನು ಬಿಡುವ ರಸಪರಿತ್ಯಾಗ, ಇವೂ ಬಾಹ್ಯ ತಪಸ್ಸುಗಳೇ. ಸ್ವಾಧ್ಯಾಯ, ವಿನಯ, ವೈಯಾವೃತ್ಯಗಳಾದರೋ ಆಭ್ಯಂತರ ತಪಸ್ಸುಗಳು. ಅವಕ್ಕೆ ಯಾವ ವೈದ್ಯರ ನಿಷೇಧವೂ ಇಲ್ಲ. ಗುಳಿಗೆಯೊಡನೆ ಮಿತವಾಗಿ ಉಂಡು, ಕಷಾಯವನ್ನು ಶಮನಗೊಳಿಸಿ, ಉಪವಾಸಿಗಳ ಸೇವೆಯಲ್ಲಿ ದಿನ ಕಳೆದ ಮಧುಮೇಹಿಯು, ಆರ್ತಧ್ಯಾನದಿಂದ ಹತ್ತು ದಿನ ಹಸಿದವನಿಗಿಂತ ಉಪವಾಸದ ಅರ್ಥಕ್ಕೆ ಹೆಚ್ಚು ಸಮೀಪದಲ್ಲಿದ್ದಾನೆ.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು

೧. ಉಪವಾಸಕ್ಕೂ ಲಂಘನಕ್ಕೂ ಇರುವ ಭೇದವೇನು? ವೈದ್ಯಕೀಯ ಪ್ರಯೋಗಗಳು ಇವುಗಳಲ್ಲಿ ಯಾವುದನ್ನು ಅಳೆಯುತ್ತವೆ?

೨. ಮಿನ್ನೆಸೋಟದ ಪ್ರಯೋಗದಲ್ಲಿ ಕಂಡ ಮನಸ್ಸಿನ ಸ್ಥಿತಿಯನ್ನು ಆರ್ತಧ್ಯಾನದ ಯಾವ ಭೇದಕ್ಕೆ ಹೋಲಿಸಬಹುದು?

೩. ದೀರ್ಘ ಉಪವಾಸದ ಪಾರಣೆಯಲ್ಲಿ ಸಿಹಿಭೋಜನ ಏಕೆ ಅಪಾಯಕರ?

೪. ನಿಮ್ಮ ಮನೆಯಲ್ಲಿ ನಿತ್ಯ ಔಷಧ ಸೇವಿಸುವವರು ಯಾರು? ಮುಂದಿನ ಪರ್ವದಲ್ಲಿ ಅವರಿಗೆ ಶಕ್ತ್ಯನುಸಾರವಾದ ತಪಸ್ಸು ಯಾವುದು? ಮನೆಯವರೆಲ್ಲ ಕುಳಿತು ವಿಚಾರಿಸಿರಿ.